ಆಗಸ್ಟ್ ಹದಿನಾರರ ದೇಶಭಕ್ತಿ

ಕನ್ನಡ ನಾಡಿನ ಮಧ್ಯಮ ವರ್ಗದ ಮನೆಗಳಲ್ಲಿ ಹಳತಾದರೂ ಎಸೆಯಲಾಗದ ವಸ್ತುಗಳದ್ದೇ ಒಂದು ಪ್ರತ್ಯೇಕ ಜಾತಿಯಿದೆ. ವರ್ಷ ಮುಗಿದರೂ ಲಕ್ಷ್ಮಿಯ ಚಿತ್ರ ಹೊತ್ತು ಗೋಡೆಯಲ್ಲಿ ಉಳಿದ ಕ್ಯಾಲೆಂಡರು, ಮೂಲೆಯಲ್ಲಿ ಗಣಪತಿಯನ್ನು ಅಚ್ಚು ಹಾಕಿಸಿಕೊಂಡು ಬಂದ ಲಗ್ನಪತ್ರಿಕೆ, ಗಾಜು ಒಡೆದ ದೇವರ ಪಟ, ಮೂಗು ಮುಕ್ಕಾದ ಮಣ್ಣಿನ ಗೌರಿ, ಇವುಗಳಲ್ಲಿ ಯಾವುದನ್ನೂ ಕಸದ ಗಾಡಿಗೆ ಹಾಕುವ ಧೈರ್ಯ ಮನೆಯ ಯಾರಿಗೂ ಇರುವುದಿಲ್ಲ. ಹಾಗೆಂದು ಇಟ್ಟುಕೊಳ್ಳಲು ಜಾಗವೂ ಇರುವುದಿಲ್ಲ. ಈ ಇಕ್ಕಟ್ಟಿಗೆ ಊರುಗಳು ಬಹಳ ಹಿಂದೆಯೇ ಕಂಡುಕೊಂಡ ಪರಿಹಾರವೆಂದರೆ ಅರಳಿಕಟ್ಟೆ. ಯಾರೂ ನೋಡದ ಹೊತ್ತಿನಲ್ಲಿ ಪಟವನ್ನು ಮರದ ಬುಡಕ್ಕೆ ಒರಗಿಸಿ, ಒಮ್ಮೆ ಕೈಮುಗಿದು, ಹಿಂದಿರುಗಿ ನೋಡದೆ ಬಂದುಬಿಟ್ಟರೆ ಆಯಿತು. ಮುಂದಿನದನ್ನು ಮಳೆ, ಗೆದ್ದಲು ಮತ್ತು ಕಾಲ ನೋಡಿಕೊಳ್ಳುತ್ತವೆ. ಆದರೆ ಈಚಿನ ವರ್ಷಗಳಲ್ಲಿ ಈ ಜಾತಿಗೆ ಹೊಸದಾಗಿ ಸೇರಿಕೊಂಡ ಒಂದು ವಸ್ತುವಿಗೆ ಮಾತ್ರ ಯಾವ ಅರಳಿಕಟ್ಟೆಯೂ ಗೊತ್ತಾಗಿಲ್ಲ. ಅದು ಆಗಸ್ಟ್ 16ರ ಬೆಳಗಿನ ರಾಷ್ಟ್ರಧ್ವಜ.

ಹಿಂದಿನ ವಾರವಷ್ಟೇ ಸಿಗ್ನಲ್ಲಿನಲ್ಲಿ ಕಾರಿನ ಕಿಟಕಿ ಇಳಿಸಿ, ಚೌಕಾಸಿ ಮಾಡಲು ನಾಚಿ, ಕೇಳಿದಷ್ಟು ಕೊಟ್ಟು ತಂದ ಧ್ವಜವದು. ಹದಿನೈದರಂದು ಅದು ಸ್ಕೂಟರಿನ ಹ್ಯಾಂಡಲಿಗೆ, ಬಾಲ್ಕನಿಯ ಸರಳಿಗೆ, ಟಿವಿಯ ಪಕ್ಕದ ಪೆನ್ನಿನ ಡಬ್ಬಿಗೆ ಏರುತ್ತದೆ. ಹದಿನಾರರಂದು ಅದನ್ನು ಕಂಡವರೆಲ್ಲರೂ ಬೇರೊಬ್ಬರು ತೆಗೆಯಲಿ ಎಂದು ಕಾಯುತ್ತಾರೆ. ಧ್ವಜವನ್ನು ಕಟ್ಟುವುದಕ್ಕೆ ಉತ್ಸಾಹ ಸಾಕು, ಇಳಿಸುವುದಕ್ಕೆ ಎಂಥದೋ ಅಧಿಕಾರ ಬೇಕೆಂಬ ಭಾವನೆ ಜನರಲ್ಲಿ ಬಲವಾಗಿ ಇದ್ದಂತಿದೆ. ಹೀಗಾಗಿ ಎಷ್ಟೋ ಬಾಲ್ಕನಿಗಳಲ್ಲಿ ಆ ಬಟ್ಟೆ ಗಣೇಶನ ಹಬ್ಬವನ್ನೂ ನವರಾತ್ರಿಯನ್ನೂ ಕಂಡು, ಕೇಸರಿ ಯಾವುದು ಬಿಳಿ ಯಾವುದು ಎಂದು ಹೇಳಲಾರದಷ್ಟು ಬಿಸಿಲು ಕುಡಿದು, ದೀಪಾವಳಿಗೆ ಮನೆ ತೊಳೆಯುವಾಗ ಮಾತ್ರ ಒಳಗೆ ಬರುತ್ತದೆ.

ಇಂಥ ಸಂದರ್ಭಕ್ಕೆ ನಿಯಮವೇ ಇಲ್ಲವೆಂದಲ್ಲ. ರಾಷ್ಟ್ರಧ್ವಜವನ್ನು ಯಾರು, ಎಲ್ಲಿ, ಹೇಗೆ ಹಾರಿಸಬೇಕೆಂಬುದನ್ನು ಒಟ್ಟುಗೂಡಿಸಿ ಹೇಳುವ ಭಾರತದ ಧ್ವಜ ಸಂಹಿತೆಯು, ಹರಿದ ಅಥವಾ ಮಾಸಿದ ಧ್ವಜವನ್ನು ಖಾಸಗಿಯಾಗಿ, ಅದರ ಗೌರವಕ್ಕೆ ಕುಂದು ಬಾರದಂತೆ, ಸುಡುವ ಮೂಲಕ ಅಥವಾ ಬೇರೆ ತಕ್ಕ ರೀತಿಯಲ್ಲಿ, ಇಡಿಯಾಗಿ ಇಲ್ಲವಾಗಿಸಬೇಕೆಂದು ತಿಳಿಸುತ್ತದೆ. ನಿಯಮ ಸ್ಪಷ್ಟವಾಗಿದೆ, ತೊಡಕಿರುವುದು ಅದನ್ನು ಪಾಲಿಸಹೊರಟವನ ಪಾಡಿನಲ್ಲಿ. ರಾಷ್ಟ್ರೀಯ ಗೌರವಕ್ಕೆ ಅಪಮಾನ ಮಾಡುವುದನ್ನು ತಡೆಯುವ 1971ರ ಕಾಯ್ದೆಯ ಪ್ರಕಾರ ಧ್ವಜವನ್ನು ಸಾರ್ವಜನಿಕವಾಗಿ ಸುಟ್ಟು ಅವಮಾನಿಸಿದವನಿಗೆ ಮೂರು ವರ್ಷಗಳವರೆಗೆ ಸಜೆಯಾಗಬಹುದು. ಅದೇ ಧ್ವಜವನ್ನು ಅತ್ಯಂತ ಗೌರವದಿಂದ ಸುಡಲೆಂದು ಮಹಡಿ ಮನೆಯ ತಾರಸಿಗೆ ಬೆಂಕಿಪೆಟ್ಟಿಗೆ ಹಿಡಿದು ಹೋದ ನಿವೃತ್ತ ಗೃಹಸ್ಥನು, ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಹಾಕುತ್ತಿರುವವರ ಕಣ್ಣಿಗೆ ಹೇಗೆ ಕಂಡಾನೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೇಲಾಗಿ ಈಗಿನ ಧ್ವಜಗಳಲ್ಲಿ ಬಹುಪಾಲು ಪಾಲಿಯೆಸ್ಟರಿನವು. ಅವು ಉರಿಯುವ ಬದಲು ಮುದುಡಿ, ಕರಗಿ, ಕರಿ ಹನಿಯಾಗಿ ತೊಟ್ಟಿಕ್ಕಿ, ಇಡೀ ಕಟ್ಟಡಕ್ಕೆ ವಾಸನೆ ಹಬ್ಬಿಸುತ್ತವೆ. ಕೊನೆಗೆ ಗೃಹಸ್ಥನು ಮೊದಲೇ ಮಾಡಬಹುದಾಗಿದ್ದ ಕೆಲಸವನ್ನೇ ಮಾಡುತ್ತಾನೆ. ಧ್ವಜವನ್ನು ನಾಲ್ಕಾಗಿ ಮಡಿಸಿ ಬೀರುವಿನ ಮೇಲಿನ ಹಲಗೆಯಲ್ಲಿ, ಹೆಂಡತಿಯ ಧಾರೆ ಸೀರೆಯ ಪಕ್ಕದಲ್ಲಿ ಇಟ್ಟು, ಮುಂದಿನ ವರ್ಷ ಅದು ಅಲ್ಲಿರುವುದನ್ನೇ ಮರೆತು ಹೊಸದನ್ನು ಕೊಳ್ಳುತ್ತಾನೆ.

ಈ ಪೇಚಾಟ ಹಿಂದಿನ ತಲೆಮಾರಿಗೆ ಇರಲಿಲ್ಲ, ಏಕೆಂದರೆ ಅವರ ಮನೆಗಳಲ್ಲಿ ಧ್ವಜವೇ ಇರಲಿಲ್ಲ. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆಯುವವರೆಗೂ, ಗೊತ್ತುಪಡಿಸಿದ ಕೆಲವು ದಿನಗಳನ್ನು ಬಿಟ್ಟರೆ, ಸಾಮಾನ್ಯ ಪ್ರಜೆಯು ತನ್ನ ಮನೆಯ ಮೇಲೆ ರಾಷ್ಟ್ರಧ್ವಜ ಹಾರಿಸುವಂತಿರಲಿಲ್ಲ; 2002ರ ಜನವರಿ 26ರಂದು ಜಾರಿಗೆ ಬಂದ ಸಂಹಿತೆಯು ಆ ಕಟ್ಟನ್ನು ಸಡಿಲಿಸಿತು. ತನ್ನ ಕಾರ್ಖಾನೆಯ ಮೇಲೆ ಧ್ವಜ ಹಾರಿಸಲು ಬಿಡದ ಅಧಿಕಾರಿಗಳ ವಿರುದ್ಧ ಉದ್ಯಮಿ ನವೀನ್ ಜಿಂದಾಲ್ ಹೂಡಿದ್ದ ದಾವೆಯಲ್ಲಿ, ಗೌರವದಿಂದ ಧ್ವಜ ಹಾರಿಸುವುದು ಪ್ರಜೆಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ದೇಶವನ್ನು ಪ್ರೀತಿಸುವ ಹಕ್ಕಿಗಾಗಿ ದೇಶದ ಮೇಲೆಯೇ ದಾವೆ ಹೂಡಬೇಕಾಗಿ ಬಂದುದು ವಿಚಿತ್ರವಾಗಿ ತೋರಬಹುದಾದರೂ, ಆಸ್ತಿಗಾಗಿ ಅಪ್ಪನ ಮೇಲೆಯೇ ಕೋರ್ಟಿಗೆ ಹೋಗುವ ಮಕ್ಕಳನ್ನು ಕಂಡ ನಾಡಿಗೆ ಅದರಲ್ಲಿ ಅಂಥ ಅಚ್ಚರಿಯೇನೂ ಇಲ್ಲ.

ಅಲ್ಲಿಯವರೆಗೆ ಧ್ವಜದ ವಾಸಸ್ಥಾನ ಹೆಡ್‌ಮಾಸ್ಟರರ ಕೊಠಡಿಯ ಕಬ್ಬಿಣದ ಬೀರು. ಹಾಜರಿ ಪುಸ್ತಕಗಳು, ಸೀಮೆಸುಣ್ಣದ ಪೆಟ್ಟಿಗೆಗಳು, ಮೂಲೆ ಹರಿದ ಭೂಪಟ, ನುಸಿಗುಳಿಗೆ, ಇವುಗಳ ನಡುವೆ ಅದು ವರ್ಷವಿಡೀ ಮಲಗಿರುತ್ತಿತ್ತು. ಆಗಸ್ಟ್ 14ರ ಸಂಜೆ ಅದನ್ನು ಹೊರತೆಗೆದು, ಇಸ್ತ್ರಿ ಮಾಡಿಸಿ, ಮಡಿಕೆಗಳ ಒಳಗೆ ಸೇವಂತಿಗೆಯ ಎಸಳು ತುಂಬಿ, ಹಗ್ಗವನ್ನು ಜಾರುಗಂಟು ಹಾಕಿ ಕಟ್ಟುವುದು ಡ್ರಿಲ್ ಮಾಸ್ತರರ ಪರಮಾಧಿಕಾರದ ಕೆಲಸ. (ಧ್ವಜದೊಳಗೆ ಏನನ್ನೂ ತುಂಬಕೂಡದೆನ್ನುವ ಸಂಹಿತೆಯು ಹೂವಿನ ಎಸಳಿಗೆ ಮಾತ್ರ ವಿನಾಯಿತಿ ಕೊಟ್ಟಿದೆ, ಬರೆದವರಲ್ಲಿ ಹಳ್ಳಿಯ ಶಾಲೆಯಲ್ಲಿ ಓದಿದವರೊಬ್ಬರು ಇದ್ದಿರಬೇಕು.) ಜಾರುಗಂಟಿನ ಗುಣವೆಂದರೆ ಮೇಲೇರುವವರೆಗೆ ಬಿಗಿಯಾಗಿರಬೇಕು, ಮೇಲೆ ಒಂದೇ ಜಗ್ಗಿಗೆ ಬಿಚ್ಚಿಕೊಳ್ಳಬೇಕು. ಇವೆರಡೂ ಒಟ್ಟಿಗೆ ಸಾಧಿಸಿದ ವರ್ಷಗಳು ಯಾವ ಶಾಲೆಯ ಚರಿತ್ರೆಯಲ್ಲಿಯೂ ಹೆಚ್ಚಿರಲಾರವು. ಮುಖ್ಯ ಅತಿಥಿಗಳು ಜಗ್ಗುತ್ತಾರೆ, ಗಂಟು ಬಿಚ್ಚುವುದಿಲ್ಲ. ಇನ್ನೊಮ್ಮೆ ಜಗ್ಗುತ್ತಾರೆ, ಕಂಬವೇ ಅಲ್ಲಾಡುತ್ತದೆ. ಸಾಲಾಗಿ ನಿಂತ ಮಕ್ಕಳ ವಂದನೆಯ ಕೈಗಳು ಹುಬ್ಬಿನಿಂದ ಕೆನ್ನೆಗೆ, ಕೆನ್ನೆಯಿಂದ ಕಿವಿಗೆ ಮೆಲ್ಲನೆ ಜಾರುತ್ತವೆ. ಹೆಡ್‌ಮಾಸ್ಟರರ ನೋಟ ಡ್ರಿಲ್ ಮಾಸ್ತರರ ಕಡೆ, ಡ್ರಿಲ್ ಮಾಸ್ತರರ ನೋಟ ಆಕಾಶದ ಕಡೆ ತಿರುಗುತ್ತದೆ. ಕೊನೆಗೆ ಅಡಿಕೆ ಮರ ಹತ್ತಿ ಅಭ್ಯಾಸವಿರುವ ಏಳನೆಯ ಕ್ಲಾಸಿನ ಹುಡುಗನೊಬ್ಬನನ್ನು ಕರೆಸಲಾಗುತ್ತದೆ. ಗಣಿತದಲ್ಲಿ ಎಂದೂ ಪಾಸಾಗದ ಆ ಹುಡುಗ ಕಂಬದ ತುದಿಯಲ್ಲಿ ಗಂಟು ಬಿಡಿಸಿದಾಗ ಎಸಳುಗಳು ಮೊದಲು ಬೀಳುವುದು ಅವನ ತಲೆಯ ಮೇಲೆಯೇ.

ಮಲೆನಾಡಿನಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಆಗಸ್ಟ್ 15 ಆಶ್ಲೇಷಾ ಮಳೆಯ ಕೊನೆಯ ದಿನಗಳಲ್ಲಿ ಬರುತ್ತದೆ. ಮಳೆಗಾಲವನ್ನು ನಕ್ಷತ್ರಗಳ ಹೆಸರಿನಿಂದ ಅಳೆಯುವ ರೈತರ ಲೆಕ್ಕದಲ್ಲಿ ಅದು ಮಘೆಗೆ ದಾರಿ ಬಿಡುವ ಹೊತ್ತು. ಖಾದಿಯ ಧ್ವಜ ನೆನೆದರೆ ಹಾರುವ ಮಾತೇ ಇಲ್ಲ, ತುಂಬಿದ ಬಟ್ಟೆಯ ಭಾರಕ್ಕೆ ಕಂಬಕ್ಕೆ ಅಪ್ಪಿಕೊಂಡು ನಿಂತುಬಿಡುತ್ತದೆ, ಅದರ ಅಂಚಿನಿಂದ ನೀರು ಸಣ್ಣ ದಾರವಾಗಿ ಇಳಿಯುತ್ತದೆ. ಸಂಜೆ ಇಳಿಸಿದ ಮೇಲೆ ಅದನ್ನು ಹಿಂಡುವಂತಿಲ್ಲ ಎಂದು ಒಬ್ಬ ಮೇಷ್ಟ್ರು, ಹಿಂಡದಿದ್ದರೆ ಬೂಷ್ಟು ಹಿಡಿಯುತ್ತದೆ ಎಂದು ಇನ್ನೊಬ್ಬರು ವಾದಿಸುತ್ತಾರೆ. ವಾದ ಮುಗಿಯುವಷ್ಟರಲ್ಲಿ ಹೆಡ್‌ಮಾಸ್ಟರರ ಹೆಂಡತಿ ಅದನ್ನು ಒಳಗೆ ಒಯ್ದು, ಬಚ್ಚಲೊಲೆಯ ಮೇಲಿನ ಗಳದಲ್ಲಿ, ಮಕ್ಕಳ ಅಂಗಿಗಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ, ಕೇಸರಿ ಮೇಲಿರುವಂತೆ ನೋಡಿ ಹರವಿರುತ್ತಾರೆ. ಎರಡು ದಿನ ಹೊಗೆ ಕುಡಿದ ಆ ಧ್ವಜ ಮುಂದಿನ ಜನವರಿಯಲ್ಲಿ ಬಿಚ್ಚಿಕೊಂಡಾಗ ಸೇವಂತಿಗೆಯ ಜೊತೆಗೆ ಅಡಿಕೆ ಸಿಪ್ಪೆಯ ಹೊಗೆಯ ವಾಸನೆಯನ್ನೂ ಸೂಸುತ್ತದೆ. ಬೆಳಿಗ್ಗೆ ಮುಖ್ಯ ಅತಿಥಿಗಳು ದೇಶಪ್ರೇಮದ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದ್ದರು. ಆ ಮಾತಿನಲ್ಲಿ ಒಂದು ವಾಕ್ಯವೂ ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ. ಮಕ್ಕಳಂತೂ ಭಾಷಣದುದ್ದಕ್ಕೂ ಬೂಂದಿಯ ಬುಟ್ಟಿಯ ಮೇಲೆ ಮುಚ್ಚಿದ ಬಾಳೆಲೆಯನ್ನೇ ನೋಡುತ್ತಿದ್ದರು. ಇಂಥ ಭಾಷಣಗಳನ್ನು ಗೇಲಿ ಮಾಡುವುದು ಲಲಿತ ಪ್ರಬಂಧ ಬರೆಯುವವರ ಕುಲಕಸುಬು. ಕೊಂಚ ಹೆಸರು ಬಂದ ಮೇಲೆ ಅದೇ ಶಾಲೆಗಳು ಅದೇ ಪ್ರಬಂಧಕಾರರನ್ನು ಮುಖ್ಯ ಅತಿಥಿಗಳಾಗಿ ಕರೆಯುತ್ತವೆ, ಅವರು ಹೋಗಿ ಒಂದು ಗಂಟೆ ಮಾತನಾಡುತ್ತಾರೆ.

ಧ್ವಜದ ಬಟ್ಟೆಯ ಕಥೆ ಭಾಷಣಗಳಿಗಿಂತ ಹೆಚ್ಚು ಸ್ವಾರಸ್ಯದ್ದು, ಅದರ ಒಂದು ಮುಖ್ಯ ಅಧ್ಯಾಯ ನಡೆಯುವುದು ಹುಬ್ಬಳ್ಳಿಯಲ್ಲಿ. ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರಲ್ಲಿ ಹುಟ್ಟಿದ ಸಂಸ್ಥೆ. ಮಾನಕ ಸಂಸ್ಥೆಯ ಮುದ್ರೆ ಪಡೆದು ಖಾದಿಯ ರಾಷ್ಟ್ರಧ್ವಜಗಳನ್ನು ತಯಾರಿಸಿ ದೇಶದ ಉದ್ದಗಲಕ್ಕೂ ಕಳುಹಿಸುವ ಹೆಸರು ಅದಕ್ಕಿದೆ. ಬಾಗಲಕೋಟೆ ಕಡೆಯ ತುಳಸಿಗೇರಿ, ಧಾರವಾಡದ ಬಳಿಯ ಗರಗ ಮೊದಲಾದ ಊರುಗಳ ಹೆಸರು ಧ್ವಜದ ಬಟ್ಟೆಯ ಜೊತೆ ಬೆಸೆದುಕೊಂಡಿವೆ. ನೂಲುವುದರಿಂದ ಹಿಡಿದು ಹೊಲಿದು, ಹಗ್ಗ ಸೇರಿಸುವವರೆಗೆ ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಧ್ವಜಕ್ಕೆ 9 ಅಳತೆಗಳು ಗೊತ್ತಾಗಿವೆ: ಮೇಜಿನ ಮೇಲಿಡುವ 150 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಅಗಲದ ಪುಟ್ಟ ಧ್ವಜದಿಂದ 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲದ ದೈತ್ಯ ಧ್ವಜದವರೆಗೆ ಎಲ್ಲದರಲ್ಲಿಯೂ ಉದ್ದಕ್ಕೂ ಅಗಲಕ್ಕೂ ಮೂರಕ್ಕೆರಡರ ಲೆಕ್ಕ ತಪ್ಪುವಂತಿಲ್ಲ, ಚಕ್ರದ 24 ಅರಗಳು ಎರಡೂ ಬದಿಯಲ್ಲಿ ಒಂದರ ಬೆನ್ನಿಗೆ ಒಂದು ಕೂರಬೇಕು. ಸರಕಿನ ಗುಣಮಟ್ಟ ನಿಗದಿ ಮಾಡಲು ಸ್ವಾತಂತ್ರ್ಯದ ಹೊಸ್ತಿಲಲ್ಲಿ ಭಾರತ ಕಟ್ಟಿಕೊಂಡ ಮಾನಕ ಸಂಸ್ಥೆಯು 1951ರಲ್ಲಿ ಹೊರಡಿಸಿದ, ಒಂದನೆಯ ಸಂಖ್ಯೆಯ ಮಾನಕ ಯಾವುದೆಂದರೆ ಈ ಧ್ವಜದ್ದೇ. ಸಿಮೆಂಟಿಗೂ ಸೀಮೆಎಣ್ಣೆ ಸ್ಟೋವಿಗೂ ಅಂಕೆ ಬೀಳುವ ಮೊದಲು ದೇಶಭಕ್ತಿಗೆ ಅಂಕೆ ಬಿತ್ತು ಎಂದು ಬೇಕಾದವರು ಹೇಳಿಕೊಳ್ಳಬಹುದು. ಬೆಂಗೇರಿಯ ಹೊಲಿಗೆಯಾಕೆಯ ಮಟ್ಟಿಗೆ ಮಾತ್ರ ಅದು ಕೇಸರಿಯ ಪಟ್ಟಿಗೂ ಬಿಳಿಯ ಪಟ್ಟಿಗೂ ನಡುವೆ ನೂಲೆಳೆಯಷ್ಟೂ ಸೊಟ್ಟಾಗಬಾರದೆಂಬ ಗಮನ. ಸೊಟ್ಟಾದರೆ ಆ ಬಟ್ಟೆ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ, ದಿನದ ದುಡಿಮೆಯೂ ನಿಲ್ಲುವುದಿಲ್ಲ. 2021ರ ಡಿಸೆಂಬರಿನಲ್ಲಿ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರಿಗೂ ಅನುಮತಿ ಸಿಕ್ಕಿತು, ಮರುವರ್ಷ ಮನೆಮನೆಗೂ ಧ್ವಜವೆಂಬ ಕರೆ ಬಂದಿತು, ಹಗಲಿರುಳೂ ಹಾರಿಸಬಹುದೆಂಬ ಸಡಿಲಿಕೆಯೂ ಆಯಿತು. ದೇಶದಲ್ಲಿ ಹಿಂದೆಂದೂ ಇಲ್ಲದಷ್ಟು ಧ್ವಜಗಳು ಹಾರಿದ ಆ ವರ್ಷವೇ ಖಾದಿ ಧ್ವಜದವರ ಮುಖ ಬಾಡಿತ್ತು ಎಂಬುದು, ಅಭಿಮಾನಕ್ಕೂ ಬಟ್ಟೆಯ ದರಕ್ಕೂ ಇರುವ ಸಂಬಂಧವನ್ನು ಅಧ್ಯಯನ ಮಾಡುವವರಿಗೆ ಬಿಟ್ಟ ವಿಷಯ.

ಕರ್ನಾಟಕದ ಮಟ್ಟಿಗೆ ಧ್ವಜವು ಅಪಾಯದ ವಸ್ತುವಾಗಿದ್ದ ಕಾಲವೂ ಒಂದಿತ್ತು. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯ ಅವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿದಾಗ, ಚರಕದ ಗುರುತಿದ್ದ ಆಗಿನ ತ್ರಿವರ್ಣ ಧ್ವಜವನ್ನು ಹಾರಿಸಬಾರದೆಂದು ಸರ್ಕಾರ ತಡೆಯಾಜ್ಞೆ ಹಾಕಿತ್ತು. ಅಲ್ಲಿ ಧ್ವಜ ಏರಿತು, ನಾಯಕರು ಜೈಲಿಗೆ ಹೋದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಹಲವರು ಸತ್ತರು. ಆ ಕ್ಷೇತ್ರಕ್ಕೆ ಹೆಸರು ಕೊಟ್ಟದ್ದು ಮಹಾಭಾರತದ ವಿದುರ ನೆಟ್ಟನೆಂದು ಜನ ನಂಬಿಕೊಂಡು ಬಂದ ಅಶ್ವತ್ಥ ವೃಕ್ಷ, ಅಂದರೆ ಅರಳಿಮರ. ಹರಕೆ ಹೊತ್ತವರು ತಂದು ನಿಲ್ಲಿಸಿದ ನಾಗರಕಲ್ಲುಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ. ಮಕ್ಕಳಾಗಲೆಂದು ಕಲ್ಲು ನಿಲ್ಲಿಸಲು ಬರುವ ಊರಿಗೆ, ಒಂದು ಬಟ್ಟೆಯನ್ನು ಕಂಬಕ್ಕೆ ಏರಿಸಲು ಬಂದವರು ಮನೆಗೆ ಹಿಂದಿರುಗಲಿಲ್ಲ. ಅಲ್ಲಿ ಸತ್ತವರು ಅಥವಾ ಅವರ ನೆರೆಹೊರೆಯವರು ಮಹಾರಾಜರ ದ್ವೇಷಿಗಳೇನಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಪಟವನ್ನು ದೇವರ ಗೂಡಿನ ಪಕ್ಕದಲ್ಲಿ ತೂಗುಹಾಕಿಕೊಂಡು, ಜಂಬೂಸವಾರಿ ನೋಡಲು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಜನರೇ ಗಾಂಧಿಯ ಧ್ವಜವನ್ನೂ ಹಿಡಿದರು, ಎರಡರ ನಡುವೆ ವಿರೋಧವಿದೆಯೆಂದು ಅವರಿಗೆ ತೋರಲಿಲ್ಲ. ಮುಂದೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿ ಮಾಡಿಕೊಂಡ ಒಪ್ಪಂದದಲ್ಲಿ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂದಾಯಿತು. ಪ್ರಾಣ ತೆತ್ತ ತಿಂಗಳೊಳಗೆ ಎರಡು ಕಂಬ ನೆಟ್ಟರೆ ಮುಗಿಯುವ ಮಾತೆಂದು ಗೊತ್ತಾದುದು, ಆ ಕಾಲದ ದಾಖಲೆಗಳನ್ನು ಓದುವವರಿಗೆ ಈಗಲೂ ಸುಲಭವಾಗಿ ಅರಗುವುದಿಲ್ಲ.

ದೇಶಾಭಿಮಾನದ ವಿಚಾರದಲ್ಲಿ ತತ್ತ್ವಜ್ಞರು ಎತ್ತುವ ಒಂದು ತಕರಾರಿದೆ. ತಾನು ಏನೂ ಮಾಡದೆ ದೊರೆತದ್ದರ ಬಗ್ಗೆ ಮನುಷ್ಯನು ಹೆಮ್ಮೆಪಡುವುದು ಹೇಗೆ ಎಂಬುದು ಅದು. ಹುಟ್ಟುವ ಮುನ್ನ ಯಾರೂ ಭೂಪಟ ಬಿಡಿಸಿ ನೋಡಿ ಆರಿಸಿಕೊಳ್ಳುವುದಿಲ್ಲ. ತಕರಾರು ನ್ಯಾಯವಾದದ್ದೇ, ಆದರೆ ಅದಕ್ಕೆ ತವರುಮನೆಯ ವಿಷಯ ತಿಳಿಯದು. ಗಂಡನ ಮನೆಯಲ್ಲಿ ಕೂತ ಹೆಣ್ಣುಮಗಳು ತವರಿನ ಸೋರುವ ಸೂರನ್ನೂ ಅಣ್ಣಂದಿರ ಜಗಳವನ್ನೂ ಬಲ್ಲವಳಾಗಿ, ಅಮ್ಮನೊಡನೆ ಅವುಗಳನ್ನೇ ಗಂಟೆಗಟ್ಟಲೆ ಆಡಿಕೊಂಡರೂ, ಅತ್ತೆಯ ಬಾಯಲ್ಲಿ ಆ ಮಾತು ಬಂದರೆ ಬಿಟ್ಟುಕೊಡುವುದಿಲ್ಲ. ಹೊರದೇಶದ ಕನ್ನಡಿಗರ ನಡತೆಯೂ ಇದೇ ಬಗೆಯದು. ಬೆಂಗಳೂರಿನ ರಸ್ತೆಗುಂಡಿಗಳ ಬಗ್ಗೆ ಇವರಷ್ಟು ವಿವರವಾಗಿ ಬಯ್ಯಬಲ್ಲವರು ಬೆಂಗಳೂರಿನಲ್ಲಿಯೇ ಸಿಗಲಾರರು; ಅದೇ ಗುಂಡಿಯ ಬಗ್ಗೆ ಆಫೀಸಿನ ವಿದೇಶಿ ಸಹೋದ್ಯೋಗಿ ತಮಾಷೆಗೆ ಒಂದು ಮಾತಾಡಲಿ, ತಕ್ಷಣ ಉಪಗ್ರಹ, ಸೊನ್ನೆ, ಯೋಗ ಮತ್ತು ಮೈಸೂರು ಪಾಕ್ ಎಲ್ಲವೂ ರಕ್ಷಣೆಗೆ ಇಳಿಯುತ್ತವೆ. ಇಲ್ಲಿ ಕೆಲಸ ಮಾಡುವುದು ಹೆಮ್ಮೆಗಿಂತ ಹೆಚ್ಚಾಗಿ ಒಂದು ಬಗೆಯ ಮರ್ಯಾದೆಯ ಭಯ. ಕುವೆಂಪು ಬರೆದ, 2004ರಲ್ಲಿ ನಾಡಗೀತೆಯಾಗಿ ಅಂಗೀಕಾರವಾದ ಗೀತೆಯು ಕರ್ನಾಟಕವನ್ನು ಭಾರತಿಯ ಮಗಳೆಂದು ಕರೆದು, ದೇಶ ಮತ್ತು ನಾಡು ಎರಡಕ್ಕೂ ಒಂದೇ ಉಸಿರಿನಲ್ಲಿ ಜಯ ಕೋರುವುದರಲ್ಲಿ ಈ ತವರಿನ ಲೆಕ್ಕವೇ ಅಡಗಿದ್ದರೆ ಆಶ್ಚರ್ಯವಿಲ್ಲ. ತಾಯಿಯನ್ನು ಹೊಗಳಿದರೆ ಮಗಳು ಮುನಿಸಿಕೊಳ್ಳುವ ಮನೆಗಳು ಇಲ್ಲವೆಂದಲ್ಲ. ಆ ಗೀತೆಯ ಮನೆ ಅಂಥದ್ದಲ್ಲ.

ಹೆಮ್ಮೆಯನ್ನು ಅಳೆಯಲು ಹೊರಟಾಗ ಮಾತ್ರ ಎಲ್ಲವೂ ಕೆಡುತ್ತದೆ. 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆಯನ್ನು ಕಡ್ಡಾಯಗೊಳಿಸಿ, 2018ರ ಜನವರಿಯಲ್ಲಿ ಆ ಕಡ್ಡಾಯವನ್ನು ತಾನೇ ಸಡಿಲಿಸಿತು. ನಡುವಿನ ಅವಧಿಯಲ್ಲಿ ಕತ್ತಲ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಪಾಪ್‌ಕಾರ್ನ್, ಇನ್ನೊಂದರಲ್ಲಿ ಮಗುವನ್ನು ಹಿಡಿದು, ಸೀಟಿನ ಸಂಖ್ಯೆ ಹುಡುಕುತ್ತಿದ್ದವರು ಹಾಗೆಯೇ 52 ಸೆಕೆಂಡು ನಿಂತುಬಿಡುತ್ತಿದ್ದರು. ಆ ಹೊತ್ತಿನಲ್ಲಿ ಪರದೆಯ ಕಡೆ ನೋಡುವವರಿಗಿಂತ, ಯಾರು ಕುಳಿತಿದ್ದಾರೆಂದು ಕತ್ತು ತಿರುಗಿಸಿ ನೋಡುವವರೇ ಹೆಚ್ಚಿದ್ದರು. ಅವರ ಬೆನ್ನು ಧ್ವಜದ ಕಡೆಗಿತ್ತು. ಇದಕ್ಕೂ ಮೂವತ್ತು ವರ್ಷ ಮೊದಲು, 1986ರಲ್ಲಿ, ಧಾರ್ಮಿಕ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ ಸುಮ್ಮನೆ ಎದ್ದು ನಿಲ್ಲುತ್ತಿದ್ದ ಕೇರಳದ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಇದೇ ನ್ಯಾಯಾಲಯ ಹೇಳಿತ್ತು. ಗೌರವದಿಂದ ಎದ್ದು ನಿಂತವನ ಬಾಯಿಯೂ ಆಡುತ್ತಿದೆಯೇ ಎಂದು ಬಗ್ಗಿ ನೋಡಬಾರದೆಂಬ ಆ ತೀರ್ಪಿನ ಸೌಜನ್ಯವನ್ನು ಸಿನಿಮಾ ಪ್ರೇಕ್ಷಕರು ಕಲಿಯಲಿಲ್ಲ.

ಹುಟ್ಟಿದ ದೇಶವೆಂಬ ಮಾತಾದರೂ ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ. ಸಂವಿಧಾನ ಸಭೆಯು 1947ರ ಜುಲೈ 22ರಂದು ಈಗಿನ ಧ್ವಜವನ್ನು ಅಂಗೀಕರಿಸುವ ಹೊತ್ತಿಗೆ, ಕನ್ನಡ ಮಾತನಾಡುವ ಜನ ಮುಂಬಯಿ ಪ್ರಾಂತದಲ್ಲಿ, ಮದರಾಸು ಪ್ರಾಂತದಲ್ಲಿ, ಕೊಡಗಿನಲ್ಲಿ, ಮೈಸೂರು ಮಹಾರಾಜರ ಮತ್ತು ಹೈದರಾಬಾದಿನ ನಿಜಾಮರ ಸಂಸ್ಥಾನಗಳಲ್ಲಿ, ಜಮಖಂಡಿ, ಮುಧೋಳ, ಸಂಡೂರುಗಳಂಥ ಪುಟ್ಟ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಆಗಸ್ಟ್ 15ರಂದು ಹುಬ್ಬಳ್ಳಿಯಲ್ಲಿ ಮೆರವಣಿಗೆ ಹೊರಟರೆ, ಕಲಬುರಗಿ, ಬೀದರ್, ರಾಯಚೂರುಗಳಲ್ಲಿ ಧ್ವಜ ಹಿಡಿದವನು ಪೊಲೀಸರ ಕಣ್ಣು ತಪ್ಪಿಸಿ ಓಡಬೇಕಾಗಿತ್ತು. ಅಲ್ಲಿಗೆ ಭಾರತ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಆ ಕಡೆಯ ಶಾಲೆಗಳಲ್ಲಿ ಆಗಸ್ಟಿನಲ್ಲಿ ಮಡಿಸಿಟ್ಟ ಧ್ವಜ ಒಂದು ತಿಂಗಳ ಬಳಿಕ ಮತ್ತೆ ಹೊರಬರುವುದು ಈ ಕಾರಣಕ್ಕೆ. ಹೀಗೆ ನಿಜಾಮರ ಪ್ರಜೆಯಾಗಿ ತೊಟ್ಟಿಲಲ್ಲಿ ಮಲಗಿ, ಹೈದರಾಬಾದ್ ರಾಜ್ಯದವನಾಗಿ ಅಕ್ಷರ ಕಲಿತು, 1956ರಲ್ಲಿ ಮೈಸೂರು ರಾಜ್ಯದವನೂ 1973ರಲ್ಲಿ ಕರ್ನಾಟಕದವನೂ ಆದ ಮನುಷ್ಯನೊಬ್ಬ ಇಷ್ಟೆಲ್ಲ ಪ್ರಯಾಣವನ್ನು ತನ್ನ ಮನೆಯ ಕಟ್ಟೆಯ ಮೇಲೆ ಕೂತೇ ಮುಗಿಸಿರುತ್ತಾನೆ. ಅಂಥ ಹಿರಿಯರೊಬ್ಬರಿಗೆ ಅಮೆರಿಕದಲ್ಲಿರುವ ಮೊಮ್ಮಗಳನ್ನು ನೋಡಲು ವೀಸಾ ಅರ್ಜಿ ತುಂಬುತ್ತಿದ್ದ ಮಗ, ಅರ್ಜಿಯಲ್ಲಿ ಹುಟ್ಟಿದ ದೇಶವನ್ನು ಬರೆಯುವ ಕಡೆ ಬೆರಳಿಟ್ಟು ಏನು ಬರೆಯಲೆಂದು ಕೇಳಿದಾಗ, ಅವರು ತಲೆ ಎತ್ತದೆ, "ಲಿಂಗಸುಗೂರು ಅಂತ ಬರಿಯಪ್ಪಾ" ಎಂದರು. "ಅಪ್ಪಾ, ಊರಲ್ಲ, ದೇಶ ಕೇಳ್ಯಾರ" ಎಂದು ಮಗ ತಿದ್ದಿದನು. ಹಿರಿಯರು ಅಡಿಕೆಯನ್ನು ಬಾಯ ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡು, "ಲಿಂಗಸುಗೂರು ಈಗ ಯಾವ ದೇಶದಾಗ ಅದನೋ ಅದನ್ನ ಬರಿ, ನಾನಂತೂ ಎಲ್ಲಿಗೂ ಹೋಗಿಲ್ಲ" ಎಂದರು.